ಮನೆಗಾಡಿಯ ಹಿಂದೊಂದು ಕೊಂಡಿ

ಎಂಜಿನ್, ಹಾಸಿಗೆ, ಒಲೆ, ನೀರಿನ ಟ್ಯಾಂಕು ಎಲ್ಲವೂ ಒಂದೇ ಚಾಸಿಸ್ ಮೇಲೆ ಕೂತ ವಾಹನಕ್ಕೆ ಮೋಟಾರ್‌ಹೋಮ್ ಎಂದು ಹೆಸರು. ಅದರ ಹಿಂಬದಿಗೆ ಟೋ ಬಾರ್, ಅಂದರೆ ಟ್ರೇಲರ್ ಕಟ್ಟುವ ಉಕ್ಕಿನ ಕೊಂಡಿ, ಕೂರಿಸುವುದು ಮೇಲುನೋಟಕ್ಕೆ ಕೆಲವು ಬೋಲ್ಟುಗಳ ಕೆಲಸ. ಆದರೆ ಸ್ಪ್ಯಾನರ್ ಹಿಡಿಯುವ ಮೊದಲು ಓದಬೇಕಾದ ತಗಡೊಂದು ಆ ವಾಹನದಲ್ಲೇ ಇರುತ್ತದೆ. ಯುರೋಪಿನಲ್ಲಿ ತಯಾರಾದ ಮೋಟಾರ್‌ಹೋಮಿನ ಆ ತಗಡಿನ ಮೇಲೆ ಸಾಮಾನ್ಯವಾಗಿ ನಾಲ್ಕು ಅಂಕಿಗಳಿರುತ್ತವೆ: ಹೊರೆ ತುಂಬಿದ ವಾಹನದ ಗರಿಷ್ಠ ತೂಕ, ಟ್ರೇಲರ್ ಸೇರಿದಂತೆ ಒಟ್ಟು ಜೋಡಿಯ ಗರಿಷ್ಠ ತೂಕ, ಮುಂದಿನ ಆಕ್ಸಲ್ ಹೊರಬಹುದಾದ ಭಾರ, ಹಿಂದಿನ ಆಕ್ಸಲ್ ಹೊರಬಹುದಾದ ಭಾರ. ಈ ನಾಲ್ಕೂ ಒಂದೇ ಕಾಲದಲ್ಲಿ, ಒಂದೇ ಕಾರಣಕ್ಕೆ ಹುಟ್ಟಿದವಲ್ಲ. ಮೊದಲ ಮಿತಿಗಳು ರಸ್ತೆಯನ್ನು ಉಳಿಸಲು ಬಂದವು, ಬೇರೆ ಕೆಲವು ಯಂತ್ರವನ್ನು ಉಳಿಸಲು, ಇನ್ನು ಕೆಲವು ಚಾಲಕನ ಲೈಸೆನ್ಸ್ ಗೊತ್ತುಮಾಡಲು. ಮೋಟಾರ್‌ಹೋಮಿನ ಹಿಂದೆ ಟ್ರೇಲರ್ ಕಟ್ಟುವವರು ಈ ಮೂರಕ್ಕೂ ಒಟ್ಟಿಗೆ ಲೆಕ್ಕ ಒಪ್ಪಿಸಬೇಕು.

ರಸ್ತೆಯ ಚಿಂತೆ ಎಲ್ಲಕ್ಕಿಂತ ಹಳೆಯದು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಸುಂಕದ ರಸ್ತೆಗಳನ್ನು ನೋಡಿಕೊಳ್ಳುತ್ತಿದ್ದ ಮಂಡಳಿಗಳಿಗೆ ದೊಡ್ಡ ತಲೆನೋವೆಂದರೆ ಸರಕು ಬಂಡಿಗಳ ಕಿರಿದಾದ ಚಕ್ರಗಳು. ಮಳೆಗಾಲದ ಮಣ್ಣಿನಲ್ಲಿ ಅವು ಮೊಣಕಾಲುದ್ದ ಗಾಲಿಜಾಡು ತೋಡುತ್ತಿದ್ದವು. ಭಾರ ಮೀರಿದ ಬಂಡಿಗೆ ಹೆಚ್ಚುವರಿ ಸುಂಕ ವಿಧಿಸುವ ಅಧಿಕಾರ ಬಂತು, ಅದರ ಬೆನ್ನಿಗೇ ಬಂಡಿಯನ್ನು ಹೊರೆಸಮೇತ ತೂಗುವ ಯಂತ್ರಗಳು ಬಂದವು. ಬಂಡಿಯನ್ನು ಹಲಗೆಯ ಮೇಲೆ ನಿಲ್ಲಿಸಿ, ಸನ್ನೆಗಳ ಸರಣಿಯ ಮೂಲಕ ತೂಗುವ ಕ್ರಮವನ್ನು ಬರ್ಮಿಂಗ್‌ಹ್ಯಾಮ್ ಕಡೆಯ ಜಾನ್ ವ್ಯಾಟ್ ಆ ಶತಮಾನದ ಮಧ್ಯಭಾಗದಲ್ಲಿ ರೂಪಿಸಿದ. ಇಂದಿನ ವೇಬ್ರಿಡ್ಜ್‌ನ ಮೂಲ ಅದೇ. 1753ರ ಕಾನೂನು ಅಗಲ ಚಕ್ರಗಳಿಗೆ ಅನುಕೂಲ ಮಾಡಿಕೊಟ್ಟಿತು. ಎಷ್ಟು ಭಾರ ಎಂಬುದರ ಜೊತೆಗೆ ಆ ಭಾರ ನೆಲದ ಮೇಲೆ ಎಲ್ಲಿ, ಎಷ್ಟು ಅಗಲಕ್ಕೆ ಬೀಳುತ್ತದೆ ಎಂಬುದೂ ಮುಖ್ಯ ಎನ್ನುವ ತಿಳಿವಳಿಕೆ ಅಂದೇ ಇತ್ತು.

ಉಗಿ ಎಂಜಿನ್ ರಸ್ತೆಗಿಳಿದ ಮೇಲೆ ಕಾನೂನು ಬಿಗಿಯಾಯಿತು. 1865ರ ಬ್ರಿಟಿಷ್ ಕಾನೂನಿನ ಪ್ರಕಾರ ಯಂತ್ರವಾಹನ ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿಗಿಂತ ವೇಗವಾಗಿ ಹೋಗುವಂತಿರಲಿಲ್ಲ. ಅದರ ಮುಂದೆ ಒಬ್ಬ ಆಳು ನಡೆಯಬೇಕಿತ್ತು. 1896ರ ಕಾನೂನು ಹಗುರ ವಾಹನಗಳನ್ನು ಈ ಕಟ್ಟಿನಿಂದ ಬಿಡಿಸಿತು. ಹಗುರ ಎಂದರೆ ಖಾಲಿ ತೂಕ 3 ಟನ್ನಿಗಿಂತ ಕಡಿಮೆ. ಜೊತೆಗೆ ಇನ್ನೊಂದು ಷರತ್ತಿತ್ತು: ವಾಹನ ತನ್ನ ಹಿಂದೆ ಒಂದಕ್ಕಿಂತ ಹೆಚ್ಚು ಗಾಡಿ ಎಳೆಯಬಾರದು, ಎಳೆದರೆ ಎರಡರ ಖಾಲಿ ತೂಕ ಸೇರಿ 4 ಟನ್ ಮೀರಬಾರದು. ಎಳೆಯುವುದನ್ನೂ ಎಳೆಸಿಕೊಳ್ಳುವುದನ್ನೂ ಕೂಡಿಸಿ ಒಂದೇ ಅಂಕಿ ನಿಗದಿಮಾಡುವ ಪದ್ಧತಿ, ಅಂದರೆ ಇಂದಿನ ತಗಡಿನ ಎರಡನೇ ಸಾಲು, ಇಲ್ಲಿ ಮೊಳಕೆಯೊಡೆದಿದೆ. 1904ರ ಭಾರೀ ವಾಹನಗಳ ಆದೇಶ ಖಾಲಿ ತೂಕವನ್ನು 5 ಟನ್ನಿಗೂ ಟ್ರೇಲರ್ ಸೇರಿದ ಖಾಲಿ ತೂಕವನ್ನು ಆರೂವರೆ ಟನ್ನಿಗೂ ಏರಿಸಿತು, ಒಂದು ಆಕ್ಸಲ್ ಮೇಲೆ 8 ಟನ್ನಿಗಿಂತ ಹೆಚ್ಚು ಬೀಳಕೂಡದೆಂದೂ ಹೇಳಿತು. ತಗಡಿನ ಕೆಳಗಿನ ಎರಡು ಸಾಲುಗಳ ಪೂರ್ವಜ ಅದು.

ಇವೆಲ್ಲ ಸರಕು ಸಾಗಣೆಯ ಸಂಗತಿಗಳು. ವಿಹಾರಕ್ಕೆಂದು ಮನೆಯನ್ನೇ ಗಾಡಿಯ ಮೇಲೆ ಹೇರಿಕೊಂಡು ಹೊರಡುವ ಅಭ್ಯಾಸ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದು ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟಿಷ್ ವೈದ್ಯನಿಂದ. ನೌಕಾಪಡೆಯಿಂದ ನಿವೃತ್ತನಾಗಿ ಹುಡುಗರ ಸಾಹಸಕಥೆಗಳನ್ನು ಬರೆಯುತ್ತಿದ್ದ ಈತ 1885ರಲ್ಲಿ ಬ್ರಿಸ್ಟಲ್ ವ್ಯಾಗನ್ ವರ್ಕ್ಸ್‌ನಲ್ಲಿ 'ವಾಂಡರರ್' ಎಂಬ ಗಾಡಿ ಮಾಡಿಸಿಕೊಂಡ. ಮಹಾಗನಿ ಮತ್ತು ಮೇಪಲ್ ಮರದ ಕೆಲಸ, ಪುಸ್ತಕದ ಕಪಾಟು, ಅಡುಗೆಗೊಂದು ಮೂಲೆ. ಸಾಮಾನು ತುಂಬಿದಾಗ ತೂಕ ಸುಮಾರು 2 ಟನ್. ಎರಡು ಕುದುರೆಗಳು ಅದನ್ನು ದಕ್ಷಿಣ ಇಂಗ್ಲೆಂಡಿನ ಟ್ವೈಫರ್ಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೂ ಎಳೆದವು. ಆ ಪಯಣದ ಅವನ ಕಥನ ಮುಂದಿನ ವರ್ಷ ಪುಸ್ತಕವಾಗಿ ಬಂತು. ದಿಬ್ಬಗಳೇ ಆ ಪಯಣದ ಅಳತೆಗೋಲಾಗಿದ್ದವು. ಕುದುರೆ ಬಳಲಿದರೆ ಭಾರ ಹೆಚ್ಚಾಯಿತೆಂದೇ ಅರ್ಥ. ಗಮನಿಸಬೇಕಾದ ಸಂಗತಿಯೊಂದಿದೆ. ಊರಿನ ಹೊರಗೆ ಗಾಡಿ ನಿಲ್ಲಿಸಬೇಕಾದಾಗ ಜಾಗ ಹುಡುಕಲು, ಅಂಗಡಿಗೆ ಹೋಗಿಬರಲು ಸ್ಟೇಬಲ್ಸ್‌ನ ಆಳು ಮೂರು ಚಕ್ರದ ಸೈಕಲ್ಲಿನಲ್ಲಿ ಹೋಗುತ್ತಿದ್ದ. ಮನೆಯನ್ನೇ ಒಯ್ದವನಿಗೂ ಪಕ್ಕದಲ್ಲೊಂದು ಸಣ್ಣ ವಾಹನ ಬೇಕು ಎನ್ನುವುದು ಮೊದಲ ಪ್ರಯಾಣದಲ್ಲೇ ಗೊತ್ತಾಗಿಹೋಗಿತ್ತು. ಮೋಟಾರ್‌ಹೋಮಿಗೆ ಇಂದು ಟೋ ಬಾರ್ ಹಾಕಿಸುವುದರ ಹಿಂದೆ ಬಹುಪಾಲು ಇದೇ ಅಗತ್ಯವಿದೆ.

1907ರಲ್ಲಿ ಜೆ. ಹ್ಯಾರಿಸ್ ಸ್ಟೋನ್ ಲಂಡನ್ನಿನಲ್ಲಿ ಕ್ಯಾರವಾನ್ ಕ್ಲಬ್ ಕಟ್ಟಿದಾಗ ಸದಸ್ಯರ ಗಾಡಿಗಳನ್ನು ಎಳೆಯುತ್ತಿದ್ದುದು ಕುದುರೆಗಳೇ. ಕಾರು ಆ ಕೆಲಸಕ್ಕೆ ಬಂದದ್ದು ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ. 1919ರಲ್ಲಿ ಬರ್ಮಿಂಗ್‌ಹ್ಯಾಮಿನ ರೈಲಿ ತಂದೆಮಗ ಎಕ್ಲ್ಸ್ ಎಂಬ ಸಾಗಣೆ ಸಂಸ್ಥೆಯನ್ನು ಕೊಂಡು ಕಾರಿನ ಹಿಂದೆ ಕಟ್ಟುವ ಕ್ಯಾರವಾನುಗಳನ್ನು ಮಾರಾಟಕ್ಕೆಂದೇ ತಯಾರಿಸತೊಡಗಿದರು. ಜರ್ಮನಿಯಲ್ಲಿ ಇದೇ ದಾರಿ ಹಿಡಿದದ್ದು ಅರಿಸ್ಟ್ ಡೆಟ್‌ಲೆಫ್ಸ್; ಆಲ್ಗಾಯ್ ಪ್ರಾಂತದ ಇಸ್ನಿ ಪಟ್ಟಣದಲ್ಲಿ ಅವನ ಮನೆತನದ್ದು ಚಾವಟಿ ತಯಾರಿಸುವ ಕಾರ್ಖಾನೆ. ವ್ಯಾಪಾರಕ್ಕೆ ತಿರುಗುವಾಗ ಚಿತ್ರಕಲಾವಿದೆಯಾದ ಸಂಗಾತಿ ಫ್ರಿಡೆಲ್ ಜೊತೆಗಿರಲೆಂದು 1931ರಲ್ಲಿ ಒಂದು ಸಣ್ಣ ಮನೆಗಾಡಿ ಕಟ್ಟಿ ಕಾರಿಗೆ ಹೂಡಿದ. ಚಾವಟಿ ಕಾರ್ಖಾನೆ ಕ್ರಮೇಣ ಕ್ಯಾರವಾನ್ ಕಾರ್ಖಾನೆಯಾಯಿತು.

ಕಾರಿಗೂ ಗಾಡಿಗೂ ನಡುವಿನ ಕೊಂಡಿ ಆ ಕಾಲದಲ್ಲಿ ಕಮ್ಮಾರನ ಮನಸ್ಸಿಗೆ ಬಂದಂತೆ ಇರುತ್ತಿತ್ತು. ಕೊಕ್ಕೆಗೆ ಬಳೆ ಸಿಕ್ಕಿಸುವುದು, ಕವಲಿನ ನಡುವೆ ಗೂಟ ಇಳಿಬಿಡುವುದು, ಹೀಗೆ. ಗೂಟದ ಕೊಂಡಿಯಲ್ಲಿ ಗಾಡಿ ಎಡಕ್ಕೆ ಬಲಕ್ಕೆ ತಿರುಗಬಲ್ಲದು, ಹಳ್ಳದಿಣ್ಣೆಯಲ್ಲಿ ಮೇಲೆ ಕೆಳಗೆ ಬಾಗುವುದೂ ವಾಲುವುದೂ ಕಷ್ಟ. ಕೊಕ್ಕೆ ಬಳೆಯದರಲ್ಲಿ ಸಡಿಲ ಹೆಚ್ಚು. ಪ್ರತಿ ಬ್ರೇಕಿಗೂ ಗಾಡಿ ಬಂದು ಗುದ್ದುತ್ತದೆ. ಉಕ್ಕಿನ ಗುಂಡಿನ ಮೇಲೆ ಬಟ್ಟಲನ್ನು ಕವುಚಿ ಬಿಗಿಯುವ ಉಪಾಯ ಈ ಎರಡೂ ತೊಂದರೆಗಳನ್ನು ಒಂದೇ ಏಟಿಗೆ ಕಳೆಯಿತು. ಗುಂಡು ಎಲ್ಲ ದಿಕ್ಕಿಗೂ ಹೊರಳಲು ಬಿಡುತ್ತದೆ, ಆದರೂ ಸಡಿಲ ಬಿಡುವುದಿಲ್ಲ. ಇದನ್ನು ಕಾರುಗಳಿಗೆ ಒಗ್ಗಿಸಿ ಹಬ್ಬಿಸಿದವರಲ್ಲಿ ಮುಖ್ಯವಾದದ್ದು ಜರ್ಮನಿಯ ವೀಡನ್‌ಬ್ರುಕ್ ಪಟ್ಟಣದ ವೆಸ್ಟ್‌ಫಾಲಿಯಾ. 1844ರಲ್ಲಿ ಯೋಹಾನ್ ಬರ್ನ್‌ಹಾರ್ಡ್ ಕ್ನೋಬೆಲ್ ತೆರೆದ ಕುಲುಮೆ ಅದು. 1930ರ ದಶಕದಲ್ಲಿ ಅದೇ ಮನೆತನದವರು ಗುಂಡಿನ ಕೊಂಡಿಯನ್ನು ರೂಪಿಸಿ ಹಕ್ಕುಪತ್ರ ಪಡೆದರು. ಗುಂಡಿನ ಗಾತ್ರ ಮಾತ್ರ ಬಹುಕಾಲ ದೇಶಕ್ಕೊಂದಾಗಿ ಉಳಿಯಿತು. ಬ್ರಿಟನ್ನಿನದು 2 ಇಂಚು, ಅಂದರೆ 50.8 ಮಿಲಿಮೀಟರ್, ಯುರೋಪಿನದು 50 ಮಿಲಿಮೀಟರ್. 0.8 ಮಿಲಿಮೀಟರಿನ ಈ ಅಂತರ ಕಣ್ಣಿಗೆ ಕಾಣದು. ಆದರೆ 50ರ ಗುಂಡಿನ ಮೇಲೆ 2 ಇಂಚಿನ ಬಟ್ಟಲು ಕೂತರೆ ಅದು ಸಡಿಲವಾಗಿಯೇ ಸಾಗುತ್ತದೆ, ದೊಡ್ಡ ಕುಲುಕಿಗೆ ಕಳಚಲೂಬಹುದು. ಕೊನೆಗೆ ಬ್ರಿಟನ್ನೂ 50ಕ್ಕೆ ಬಂತು. ಅಮೆರಿಕದಲ್ಲಿ ಇಂಚಿನ ಗುಂಡುಗಳೇ ಇವತ್ತಿಗೂ ನಡೆಯುತ್ತವೆ.

ಕೊಂಡಿ ಒಂದು ದಾರಿಯಲ್ಲಿ ಬೆಳೆಯುತ್ತಿದ್ದಾಗ ಲೈಸೆನ್ಸಿನ ಅಂಕಿ ಇನ್ನೊಂದು ದಾರಿಯಲ್ಲಿ ಹುಟ್ಟಿತು. 1926ರಲ್ಲಿ ಪ್ಯಾರಿಸಿನಲ್ಲಿ ಆದ ಅಂತರರಾಷ್ಟ್ರೀಯ ಮೋಟಾರು ಸಂಚಾರ ಒಪ್ಪಂದ, ಗಡಿ ದಾಟುವ ಚಾಲಕರ ಪರವಾನಗಿಗಾಗಿ ವಾಹನಗಳನ್ನು ವಿಂಗಡಿಸಿತು. ಹೊರೆಸಮೇತ 3,500 ಕಿಲೋ ತನಕ ಒಂದು ವರ್ಗ, ಅದಕ್ಕಿಂತ ಹೆಚ್ಚಿನದು ಇನ್ನೊಂದು. ಆಗಿನ ರಸ್ತೆಯಲ್ಲಿ ಕಾರಿಗೂ ಲಾರಿಗೂ ನಡುವೆ ಗೆರೆ ಎಳೆಯಲು ಅದು ಒಪ್ಪುವ ಜಾಗವೇ ಆಗಿತ್ತು. 1949ರ ಜಿನೀವಾ ಒಪ್ಪಂದ ಆ ಅಂಕಿಯನ್ನು ಹಾಗೇ ಉಳಿಸಿಕೊಂಡು ಮತ್ತೊಂದನ್ನು ಸೇರಿಸಿತು: 750 ಕಿಲೋ ಮೀರದ ಹಗುರ ಟ್ರೇಲರನ್ನು ಆ ವಾಹನದ ಹಿಂದೆ ಕಟ್ಟಬಹುದು. 1968ರ ವಿಯೆನ್ನಾ ಒಪ್ಪಂದವೂ ಇದನ್ನೇ ಮುಂದುವರಿಸಿತು. ಭಾರತ 1949ರ ಒಪ್ಪಂದದ ಸದಸ್ಯ ದೇಶ. ಹಾಗಾಗಿ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಆರ್‌ಟಿಓ ಕಚೇರಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯ ಪುಟದಲ್ಲೂ ಈ 3,500 ಅಚ್ಚಾಗಿರುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಲಘು ವಾಹನ ಎಂದರೆ 7,500 ಕಿಲೋ ತನಕ. ಊರಿನ ಲೈಸೆನ್ಸಿನ ಅಳತೆಯಲ್ಲೇ ಯುರೋಪಿನಲ್ಲಿ ಮೋಟಾರ್‌ಹೋಮ್ ಬಾಡಿಗೆಗೆ ಹಿಡಿಯಬಹುದೆಂದು ಹೊರಡುವ ಕನ್ನಡಿಗ ಪ್ರವಾಸಿ ಈ ವ್ಯತ್ಯಾಸವನ್ನು ತಿಳಿದಿರುವುದು ಒಳ್ಳೆಯದು.

ಎರಡನೇ ಮಹಾಯುದ್ಧದ ಬಳಿಕ ಗಾಡಿಯೂ ಕಾರೂ ಒಂದಾದವು. ಫೋಕ್ಸ್‌ವ್ಯಾಗನ್ ತನ್ನ ಡಬ್ಬಿಯಾಕಾರದ ಸರಕು ವ್ಯಾನನ್ನು 1950ರಲ್ಲಿ ತಯಾರಿಸತೊಡಗಿತು. ಎಂಜಿನ್ 25 ಅಶ್ವಶಕ್ತಿಯದು, ಹೊರೆ ಸುಮಾರು 750 ಕಿಲೋ. ಮರುವರ್ಷವೇ ಅದರೊಳಗೆ ಮಂಚ, ಕಪಾಟು, ಒಲೆ ಕೂರಿಸುವ ಪೆಟ್ಟಿಗೆಯನ್ನು ಮಾಡಿಕೊಟ್ಟದ್ದು ಗುಂಡಿನ ಕೊಂಡಿ ತಯಾರಿಸುತ್ತಿದ್ದ ಅದೇ ವೆಸ್ಟ್‌ಫಾಲಿಯಾ. ಎಳೆಯುವ ಸಲಕರಣೆಯನ್ನೂ, ಎಳೆಯುವ ಅಗತ್ಯವನ್ನೇ ಇಲ್ಲವಾಗಿಸುವ ವಾಹನವನ್ನೂ ಒಂದೇ ಕಾರ್ಖಾನೆ ರೂಪಿಸಿದ್ದು ಈ ಇತಿಹಾಸದ ಸೊಗಸಾದ ತಿರುವು. ಬ್ರಿಟನ್ನಿನಲ್ಲಿ ಫೋಕ್‌ಸ್ಟನ್ನಿನ ಮಾರ್ಟಿನ್ ವಾಲ್ಟರ್ ಸಂಸ್ಥೆ ಬೆಡ್‌ಫರ್ಡ್ ವ್ಯಾನುಗಳನ್ನು 'ಡಾರ್ಮೋಬೈಲ್' ಆಗಿ ಮಾರ್ಪಡಿಸಿತು. ಬಾಡ್ ವಾಲ್ಡ್‌ಸೇ ಪಟ್ಟಣದ ಎರ್ವಿನ್ ಹೈಮರ್, ವಿಮಾನ ವಿನ್ಯಾಸಕ ಎರಿಕ್ ಬಾಖೆಮ್ ಜೊತೆ 1957ರಲ್ಲಿ ಕ್ಯಾರವಾನಿನಿಂದ ಆರಂಭಿಸಿ, 1961ರಲ್ಲಿ ಬೋರ್ಗ್‌ವಾರ್ಡ್ ವ್ಯಾನಿನ ಮೇಲೆ ಮೋಟಾರ್‌ಹೋಮ್ ಕಟ್ಟಿದ. ಅದೇ ವರ್ಷ ಬೋರ್ಗ್‌ವಾರ್ಡ್ ದಿವಾಳಿಯಾಗಿ ಕೆಲಸ ನಿಂತಿತು. ಹೈಮರ್ ಮತ್ತೆ ಮೋಟಾರ್‌ಹೋಮಿಗೆ ಮರಳಿದ್ದು 1971ರಲ್ಲಿ.

ಯುರೋಪಿನ ಮೋಟಾರ್‌ಹೋಮಿನ ಮೈಕಟ್ಟನ್ನು ತೀರ್ಮಾನಿಸಿದ್ದು ಮಾತ್ರ 1981ರಲ್ಲಿ ಬಂದ ಫಿಯಟ್ ಡುಕಾಟೊ. ಫಿಯಟ್ ಮತ್ತು ಪ್ಯೂಜೋ-ಸಿಟ್ರೊಯೆನ್ ಜಂಟಿಯಾಗಿ ಇಟಲಿಯ ಅಟೆಸ್ಸಾದಲ್ಲಿ ತಯಾರಿಸಿದ ಈ ವ್ಯಾನಿನಲ್ಲಿ ಎಂಜಿನ್ ಮುಂದಿದೆ, ತಿರುಗುವ ಬಲ ಸೇರುವುದೂ ಮುಂದಿನ ಚಕ್ರಗಳಿಗೇ. ಹಿಂದಕ್ಕೆ ಹೋಗುವ ಪ್ರೊಪೆಲರ್ ಶಾಫ್ಟ್ ಇಲ್ಲ. ಆದ್ದರಿಂದ ನೆಲಹಾಸನ್ನು ಬಹಳ ತಗ್ಗಿಸಬಹುದು, ಒಳಗೆ ಆಳೆತ್ತರ ಸಲೀಸಾಗಿ ಸಿಗುತ್ತದೆ. ಮನೆ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಅಡಿಪಾಯ ಬೇರೆ ಇರಲಿಲ್ಲ. ಟ್ರೇಲರ್ ಕಟ್ಟುವವರ ತೊಡಕು ಶುರುವಾಗುವುದು ಇಲ್ಲಿಂದಲೇ. ಮನೆಯನ್ನು ಉದ್ದ ಮಾಡಿದಂತೆ ಹಿಂದಿನ ಚಕ್ರದಾಚೆಗೆ ಚಾಚಿದ ಭಾಗವೂ ಉದ್ದವಾಯಿತು. ಆ ಚಾಚಿನ ಮೇಲೆಯೇ ಮಂಚ, ಅದರ ಕೆಳಗೆ ಸೈಕಲ್, ಸ್ಕೂಟರ್ ಇಡುವ ಗ್ಯಾರೇಜು. ಟೋ ಬಾರ್ ಕೂರುವುದು ಅದಕ್ಕಿಂತಲೂ ಹಿಂದೆ.

ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ಬಿಡಿಸಿ ನೋಡಬಹುದು. ಎರಡು ಆಕ್ಸಲ್‌ಗಳ ನಡುವೆ 4 ಮೀಟರ್, ಹಿಂದಿನ ಆಕ್ಸಲ್‌ನಿಂದ ಗುಂಡಿಗೆ 2.4 ಮೀಟರ್ ದೂರವಿದೆ ಎನ್ನೋಣ. ಟ್ರೇಲರ್‌ನ ಮೂತಿ ಗುಂಡಿನ ಮೇಲೆ 75 ಕಿಲೋ ಭಾರ ಹಾಕಿದರೆ ಹಿಂದಿನ ಆಕ್ಸಲ್ ಮೇಲೆ ಹೆಚ್ಚುವುದು 75 ಅಲ್ಲ, 120 ಕಿಲೋ. ಹಿಂದಿನ ಚಕ್ರವೇ ಆನಿಕೆಯಾಗಿ ವಾಹನದ ಮುಂಭಾಗ ಮೇಲೇಳುವುದರಿಂದ ಮುಂದಿನ ಆಕ್ಸಲ್ 45 ಕಿಲೋ ಹಗುರಾಗುತ್ತದೆ. ಆ 45 ಕೂಡ ಹಿಂದಕ್ಕೇ ಬಂದು ಸೇರುತ್ತದೆ. ಟೋ ಬಾರ್ ತಾನೇ 50 ಕಿಲೋ ತೂಗಿ, ಅದರ ಭಾರ ಆಕ್ಸಲ್‌ಗಿಂತ 2 ಮೀಟರ್ ಹಿಂದೆ ಬಿದ್ದರೆ ಹಿಂದಕ್ಕೆ ಇನ್ನೂ 75 ಕಿಲೋ. ಒಟ್ಟು ಸೇರಿಸಿದ್ದು 125, ಹಿಂದಿನ ಆಕ್ಸಲ್ ಹೊತ್ತದ್ದು 195, ಮುಂದಿನದು ಕಳೆದುಕೊಂಡದ್ದು 70. ಮುಂದಿನ ಚಕ್ರಗಳೇ ಎಳೆಯುವ ವಾಹನದಲ್ಲಿ ಇದು ಎರಡು ಬಗೆಯ ನಷ್ಟ. ಹಿಂದೆ ಟೈರು, ಸ್ಪ್ರಿಂಗು ಮಿತಿ ಮುಟ್ಟುತ್ತವೆ. ಮುಂದೆ ಒದ್ದೆ ಹುಲ್ಲಿನ ಮೇಲೆ, ಏರಿನಲ್ಲಿ ಚಕ್ರ ಹಿಡಿತ ತಪ್ಪಿ ಸುಮ್ಮನೆ ಸುತ್ತುತ್ತದೆ. ಎಷ್ಟೋ ಮೋಟಾರ್‌ಹೋಮುಗಳು ಒಟ್ಟು ತೂಕದಲ್ಲಿ ನೂರಿನ್ನೂರು ಕಿಲೋ ಉಳಿಸಿಕೊಂಡಿದ್ದರೂ ಹಿಂದಿನ ಆಕ್ಸಲ್ಲಿನಲ್ಲಿ ಆಗಲೇ ತುಂಬಿರುತ್ತವೆ. ಟೋ ಬಾರ್ ಹಾಕಿಸುವವರು ಮೊದಲು ಕೇಳಬೇಕಾದದ್ದು ಎಂಜಿನ್ ಎಷ್ಟು ಎಳೆಯಬಲ್ಲದು ಎಂದಲ್ಲ, ಹಿಂದಿನ ಆಕ್ಸಲ್ಲಿನಲ್ಲಿ ಎಷ್ಟು ಉಳಿದಿದೆ ಎಂದು.

ಹಾಗೆಂದು ಮೂತಿಯ ಭಾರವನ್ನು ಸೊನ್ನೆ ಮಾಡುವಂತಿಲ್ಲ. ಎತ್ತಿನ ಗಾಡಿಗೆ ಸೌದೆ ಹೇರಿದವರಿಗೆ ಕಾರಣ ಗೊತ್ತು: ಹೊರೆ ಅಚ್ಚಿನ ಹಿಂದಕ್ಕೆ ಸರಿದು ಹಿಂಬಾರವಾದರೆ ಮೂಕಿ ಮೇಲೆದ್ದು ಕಣ್ಣಿ ಎತ್ತಿನ ಗಂಟಲಿಗೆ ಬಿಗಿಯುತ್ತದೆ, ಗಾಡಿ ಹತೋಟಿಗೆ ಸಿಗುವುದಿಲ್ಲ. ಟ್ರೇಲರ್ ಹಿಂಬಾರವಾದರೆ ವೇಗ ಹೆಚ್ಚಿದಂತೆ ಬಾಲ ಎಡಕ್ಕೆ ಬಲಕ್ಕೆ ತೂಗತೊಡಗಿ, ಒಂದು ಹಂತದ ಬಳಿಕ ಎಳೆಯುವ ವಾಹನವನ್ನೇ ದಾರಿ ತಪ್ಪಿಸುತ್ತದೆ. ಮೂತಿಯಲ್ಲಿ ಒಂದಿಷ್ಟು ಭಾರ ಇರಲೇಬೇಕು, ಆ ಭಾರಕ್ಕೆ ಹಿಂದಿನ ಆಕ್ಸಲ್ಲಿನಲ್ಲಿ ಜಾಗವೂ ಇರಬೇಕು.

ಕೊಂಡಿಯನ್ನು ಯಾವುದಕ್ಕೆ ಬಿಗಿಯುವುದು ಎಂಬುದು ಮುಂದಿನ ಕಷ್ಟ. ಸರಕು ವ್ಯಾನಿನ ಚಾಸಿಸ್ ತೊಲೆಗಳು ವ್ಯಾನಿನ ಹಿಂಬಾಗಿಲಿನವರೆಗೂ ಇರುತ್ತವೆ. ಮೋಟಾರ್‌ಹೋಮ್ ತಯಾರಕರು ಕೊಳ್ಳುವುದು ಮುಂದಿನ ಕ್ಯಾಬ್ ಮತ್ತು ಮೊಟಕು ಚಾಸಿಸ್ ಮಾತ್ರ. ಹಿಂದೆ ಚಾಚಿದ ಮನೆಯ ಭಾಗ ಹಲವು ವಾಹನಗಳಲ್ಲಿ ಮರ, ಫೋಮ್, ಅಲ್ಯೂಮಿನಿಯಂ ಹಾಳೆಗಳ ಗೋಡೆಯ ಬಲದಲ್ಲೇ ನಿಂತಿರುತ್ತದೆ; ಅದಕ್ಕೆ ಟ್ರೇಲರ್ ಕಟ್ಟಲಾಗದು. ಅಲೋಯಿಸ್ ಕೋಬರ್ 1931ರಲ್ಲಿ ಬವೇರಿಯಾದಲ್ಲಿ ಆರಂಭಿಸಿದ ಆಲ್-ಕೋ ಸಂಸ್ಥೆ ಇಲ್ಲೊಂದು ದಾರಿ ಮಾಡಿತು. ಕ್ಯಾರವಾನುಗಳಿಗೆ ಹಗುರ ಚಾಸಿಸ್ ಒದಗಿಸುತ್ತಿದ್ದ ಅದು ಡುಕಾಟೊದಂಥ ಕ್ಯಾಬುಗಳ ಹಿಂದೆ ಬೋಲ್ಟಿನಿಂದ ಜೋಡಿಸುವ, ಸತುವಿನಲ್ಲಿ ಅದ್ದಿದ ಉಕ್ಕಿನ ತಗ್ಗು ಚಾಸಿಸ್ ತಯಾರಿಸಿತು. ಅದಕ್ಕೆ ಹೊಂದುವ ಉದ್ದನೆಯ ತೊಲೆ, ಅದರ ತುದಿಗೆ ಟೋ ಬಾರ್ ಎಲ್ಲವೂ ಬೋಲ್ಟಿನಲ್ಲೇ ಕೂರುತ್ತವೆ. ಆ ಚಾಸಿಸ್‌ಗೆ ತೂತು ಕೊರೆಯುವುದಾಗಲಿ ವೆಲ್ಡ್ ಮಾಡುವುದಾಗಲಿ ಕೂಡದು. ಸತುವಿನ ಲೇಪ ಸುಟ್ಟರೆ ತುಕ್ಕು, ತೆಳು ಉಕ್ಕಿನಲ್ಲಿ ತೂತು ಬಿದ್ದರೆ ಬಿರುಕು. ಬೇರೆ ಚಾಸಿಸ್‌ಗಳಿಗೆ ಕೊಂಡಿ ಕೂರಿಸುವ ಕಸಬುದಾರರು ವಾಹನದಿಂದ ವಾಹನಕ್ಕೆ ಅಳತೆ ತೆಗೆದು ತೊಲೆ ಮಾಡಿಸುತ್ತಾರೆ. ತ್ಯಾಜ್ಯ ನೀರಿನ ಟ್ಯಾಂಕು, ಸ್ಟೆಪ್ನಿ, ಗ್ಯಾಸ್ ಕೊಳವೆ ಎಲ್ಲ ದಾರಿಗೆ ಅಡ್ಡ ಬರುತ್ತವೆ. ಇದು ನುರಿತ ಕೈಗಳ ಕೆಲಸ. ಕಾರಿಗೆ ಕೊಂಡಿ ಹಾಕುವವರೆಲ್ಲ ಇದನ್ನು ಮಾಡಬಲ್ಲರು ಎನ್ನುವಂತಿಲ್ಲ.

ಕಮ್ಮಾರನ ಅಂದಾಜಿನ ಕಾಲವನ್ನು ಮುಗಿಸಿದ್ದು ಯುರೋಪಿನ 94/20 ಎಂಬ ನಿರ್ದೇಶನ. ಪ್ರತಿ ಮಾದರಿಯ ಟೋ ಬಾರನ್ನೂ ಲಕ್ಷಾಂತರ ಸಲ ಎಳೆದು ತಳ್ಳಿ ಪರೀಕ್ಷಿಸಿ, ಪಾಸಾದ ಮೇಲೆ ಅದಕ್ಕೊಂದು ತಗಡು ಹಚ್ಚಬೇಕು. ಗುಂಡಿನ ನಡುಮಟ್ಟ ಹೊರೆ ತುಂಬಿದ ವಾಹನದಲ್ಲಿ ನೆಲದಿಂದ 350ರಿಂದ 420 ಮಿಲಿಮೀಟರ್ ಒಳಗಿರಬೇಕು. ಬ್ರಿಟನ್ನಿನಲ್ಲಿ 1998ರ ಆಗಸ್ಟ್ 1ರಿಂದ ನೋಂದಣಿಯಾದ ಕಾರುಗಳಿಗೆ ಇದು ಕಡ್ಡಾಯವಾಯಿತು. ಮೋಟಾರ್‌ಹೋಮುಗಳು ಯುರೋಪಿನ ಸಮಗ್ರ ವಾಹನ ಮಂಜೂರಾತಿಯ ಕೆಳಗೆ ಬಂದದ್ದು ಬಹಳ ತಡವಾಗಿ, 2012ರಲ್ಲಿ. ಟೋ ಬಾರಿನ ತಗಡಿನ ಮೇಲೆ ಎರಡು ಅಂಕಿಗಳು ಮುಖ್ಯ. 'ಎಸ್' ಎಂಬುದು ಗುಂಡು ಹೊರಬಹುದಾದ ಮೂತಿಭಾರ. 'ಡಿ' ಎಂಬುದು ಎಳೆತ ತಳ್ಳುಗಳನ್ನು ತಾಳುವ ಶಕ್ತಿ. ಎಳೆಯುವ ವಾಹನ ಮತ್ತು ಟ್ರೇಲರ್‌ನ ತೂಕಗಳನ್ನು ಗುಣಿಸಿ, ಅವೆರಡರ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಿದರೆ ಬೇಕಾದ ಡಿ ಬೆಲೆ ಸಿಗುತ್ತದೆ. 3.5 ಟನ್ನಿನ ಮೋಟಾರ್‌ಹೋಮ್ 1.5 ಟನ್ನಿನ ಟ್ರೇಲರ್ ಎಳೆಯಲು ಸುಮಾರು 10.3 ಕಿಲೋನ್ಯೂಟನ್ ಬೇಕು. ಈ ಸೂತ್ರದಲ್ಲಿ ಎಳೆಯುವ ವಾಹನದ ತೂಕವೂ ಸೇರಿದೆ. ಒಂದೇ ಟ್ರೇಲರನ್ನು ಸಣ್ಣ ಕಾರು ಎಳೆದಾಗ ಸಾಕಾಗುವ ಕೊಂಡಿ ಮೋಟಾರ್‌ಹೋಮಿಗೆ ಸಾಲದಿರಬಹುದು.

ಯಂತ್ರದ ಮಿತಿಗಳು ಹೀಗೆ ಖಚಿತವಾಗುತ್ತಿದ್ದಾಗಲೇ ಚಾಲಕನ ಮಿತಿಯೂ ಬಿಗಿಯಾಯಿತು. ಯುರೋಪಿನ ಎರಡನೇ ಲೈಸೆನ್ಸ್ ನಿರ್ದೇಶನ 1926ರ ಆ 3,500 ಕಿಲೋವನ್ನು ಸಾಮಾನ್ಯ ಕಾರು ಲೈಸೆನ್ಸಿನ ಎಲ್ಲೆಯಾಗಿಸಿತು. ಬ್ರಿಟನ್ನಿನಲ್ಲಿ 1997ರ ಜನವರಿ 1ರ ಮೊದಲು ಕಾರು ಪರೀಕ್ಷೆ ಪಾಸಾದವರು 7.5 ಟನ್ನಿನ ವಾಹನವನ್ನೂ, ಟ್ರೇಲರ್ ಸೇರಿ 8.25 ಟನ್ನನ್ನೂ ಓಡಿಸಬಹುದು. ಆಮೇಲೆ ಪಾಸಾದವರಿಗೆ 3.5 ಟನ್. ಜರ್ಮನಿಯಲ್ಲಿ ಇದೇ ಬದಲಾವಣೆ 1999ರಲ್ಲಿ ಬಂತು. ಹಳೆಯ ಹಕ್ಕಿಗೂ ಕೊನೆಯಿದೆ: ಬ್ರಿಟನ್ನಿನಲ್ಲಿ 70 ತುಂಬಿದ ಮೇಲೆ ಭಾರೀ ವರ್ಗ ಉಳಿಸಿಕೊಳ್ಳಲು ವೈದ್ಯಕೀಯ ತಪಾಸಣೆ ಬೇಕು. ಮೋಟಾರ್‌ಹೋಮ್ ಕೊಳ್ಳುವವರಲ್ಲಿ ನಿವೃತ್ತರೇ ಹೆಚ್ಚು. ಹಾಗಾಗಿ ತಯಾರಕರು ಮನೆಯ ಸೌಕರ್ಯ ಒಂದನ್ನೂ ಬಿಡದೆ 3,500 ಕಿಲೋ ಒಳಗೆ ತುರುಕಲು ಹೆಣಗಿದರು. ಇನ್ನೂ ಭಾರ ಹೊರಬಲ್ಲ ಚಾಸಿಸ್‌ಗೂ ಕಾಗದದ ಮೇಲೆ 3,500 ಎಂದು ಬರೆಸುವ ರೂಢಿ ಬಂತು.

ಪರಿಣಾಮ, ಹೊರೆಗೆ ಉಳಿದ ಜಾಗ ತೀರಾ ಕಡಿಮೆ. ಯುರೋಪಿನ 2012ರ 1230ನೇ ನಿಯಮಾವಳಿ ಮೋಟಾರ್‌ಹೋಮಿನಲ್ಲಿ ಪ್ರಯಾಣಿಕರ ಸಾಮಾನಿಗೆ ಮೀಸಲಿಡಬೇಕಾದ ಕನಿಷ್ಠ ತೂಕಕ್ಕೆ ಒಂದು ಸೂತ್ರ ಕೊಟ್ಟಿತು: ಜನರ ಸಂಖ್ಯೆಗೆ ವಾಹನದ ಉದ್ದದ ಮೀಟರುಗಳನ್ನು ಕೂಡಿಸಿ 10ರಿಂದ ಗುಣಿಸುವುದು. ನಾಲ್ಕು ಜನ, 7 ಮೀಟರ್ ಉದ್ದ ಎಂದರೆ 110 ಕಿಲೋ. ಬಟ್ಟೆ, ಪಾತ್ರೆ, ಅಕ್ಕಿಬೇಳೆ, ಕುರ್ಚಿ, ಸೈಕಲ್ ಎಲ್ಲವೂ ಇದರಲ್ಲೇ. 50 ಕಿಲೋದ ಟೋ ಬಾರ್ ಹಾಕಿದರೆ ಅದರ ಅರ್ಧದಷ್ಟು ಅಲ್ಲೇ ಮುಗಿಯುತ್ತದೆ. ಟ್ರೇಲರ್ ಕಟ್ಟಿದಾಗ ಮೂತಿಭಾರವೂ ಮೋಟಾರ್‌ಹೋಮಿನ ತೂಕದ ಲೆಕ್ಕಕ್ಕೇ ಸೇರುತ್ತದೆ. ಎಳೆಯುವ ಶಕ್ತಿ ಧಾರಾಳವಾಗಿದ್ದೂ ಎಳೆಯಲು ಬಾರದ ವಾಹನಗಳು ಹೀಗೆ ಹುಟ್ಟಿಕೊಂಡವು.

2013ರ ಜನವರಿ 19ರಿಂದ ಜಾರಿಯಾದ ಮೂರನೇ ನಿರ್ದೇಶನ, ತರಬೇತಿ ಅಥವಾ ಪರೀಕ್ಷೆಯ ಬಳಿಕ ವಾಹನ ಟ್ರೇಲರ್ ಸೇರಿ 4,250 ಕಿಲೋ ತನಕ ಓಡಿಸಲು ಒಂದು ನಡುಹಂತ ತೆರೆಯಿತು. 3,500 ಕಿಲೋದ ಮೋಟಾರ್‌ಹೋಮಿಗೆ ಅದರಿಂದ ಸಿಗುವುದು ಮತ್ತೆ ಅದೇ 750. ಸಣ್ಣ ಕಾರನ್ನು ಟ್ರೇಲರ್ ಮೇಲೆ ಏರಿಸಿದರೆ 750 ಸಾಲದು. ಬ್ರಿಟನ್ 2021ರ ಡಿಸೆಂಬರ್ 16ರಿಂದ ಟ್ರೇಲರಿನ ಪ್ರತ್ಯೇಕ ಪರೀಕ್ಷೆಯನ್ನೇ ತೆಗೆದುಹಾಕಿ, ಕಾರು ಲೈಸೆನ್ಸ್ ಇದ್ದವರೆಲ್ಲ 3,500 ಕಿಲೋ ತನಕದ ಟ್ರೇಲರ್ ಎಳೆಯಬಹುದೆಂದಿತು. ಲೈಸೆನ್ಸ್ ಸಡಿಲವಾದರೂ ವಾಹನದ ತಗಡು ಸಡಿಲವಾಗಲಿಲ್ಲ ಎಂಬುದನ್ನು ಅಲ್ಲಿ ಮರೆಯುವವರು ಕಡಿಮೆಯಿಲ್ಲ.

ಟ್ರೇಲರಿನ ತೂಕ ಉಳಿಸಲು ಬ್ರಿಟನ್ನಿನಲ್ಲಿ ರೂಢಿಗೆ ಬಂದ ಇನ್ನೊಂದು ಉಪಾಯ, ಸಣ್ಣ ಕಾರಿನ ಮುಂಭಾಗಕ್ಕೆ 'ಎ' ಆಕಾರದ ಉಕ್ಕಿನ ಚೌಕಟ್ಟು ಸಿಕ್ಕಿಸಿ ಅದರ ನಾಲ್ಕೂ ಚಕ್ರ ನೆಲದ ಮೇಲೆ ಉರುಳುವಂತೆ ಎಳೆದೊಯ್ಯುವುದು. ಮೂತಿಭಾರ ಹೆಚ್ಚುಕಡಿಮೆ ಇಲ್ಲವಾಗುವುದರಿಂದ ಹಿಂದಿನ ಆಕ್ಸಲ್ ಉಸಿರಾಡುತ್ತದೆ. ಕಾನೂನಿನ ಕಣ್ಣಿಗೆ ಹೀಗೆ ಕಟ್ಟಿದ ಕಾರೂ ಟ್ರೇಲರೇ; ಅದರ ಗರಿಷ್ಠ ತೂಕ 750 ಕಿಲೋ ಮೀರಿದರೆ ತಾನಾಗಿ ಹಿಡಿಯುವ ಬ್ರೇಕ್ ಇರಬೇಕು. ತೀರಾ ಪುಟ್ಟದಾದ ಸ್ಮಾರ್ಟ್ ಕಾರಿನ ಖಾಲಿ ತೂಕವೇ 700 ದಾಟಿ, ಗರಿಷ್ಠ ತೂಕ 750 ಮೀರುವುದರಿಂದ ಬ್ರೇಕ್ ತಪ್ಪಿಸಲು ಆಗುವುದಿಲ್ಲ. ಸ್ಪೇನಿನಂಥ ದೇಶಗಳ ಪೊಲೀಸರು ಈ ಜೋಡಣೆಯನ್ನು ಒಪ್ಪುವುದಿಲ್ಲ. ಅಮೆರಿಕದಲ್ಲಿ ಇದೇ ಪದ್ಧತಿ ದೊಡ್ಡ ಮೋಟಾರ್‌ಹೋಮುಗಳ ಹಿಂದೆ ಸರ್ವೇಸಾಮಾನ್ಯ. ಅಲ್ಲಿನ ವಾಹನಗಳು ಬಸ್ಸು, ಲಾರಿಗಳ ಚಾಸಿಸ್ ಮೇಲೆ ಕಟ್ಟಿದವು, ತೊಲೆಗಳು ಹಿಂದಿನವರೆಗೂ ಇರುತ್ತವೆ, ಲೈಸೆನ್ಸಿನ ಗೆರೆಯೂ 3,500 ಕಿಲೋದಷ್ಟು ಕೆಳಗಿಲ್ಲ.

ಇಂದು ಈ ಕಸಬಿನಲ್ಲಿ ನುರಿತವರು ಅನುಸರಿಸುವ ಕ್ರಮದಲ್ಲಿ ಈ ಇತಿಹಾಸದ ಎಲ್ಲ ಪದರಗಳೂ ಇವೆ. ಮೊದಲು ತಗಡಿನ ಎರಡನೇ ಸಾಲು. ಅಲ್ಲಿ ಜೋಡಿತೂಕ ನಮೂದಾಗಿರದಿದ್ದರೆ, ಅಥವಾ ಅದು ವಾಹನದ ಒಟ್ಟು ತೂಕಕ್ಕೆ ಸಮನಾಗಿದ್ದರೆ, ಆ ವಾಹನಕ್ಕೆ ಎಳೆಯುವ ಅನುಮತಿಯೇ ಇಲ್ಲ. ಚಾಸಿಸ್ ಕಂಪನಿಯ ತಗಡಿನ ಮೇಲೆ ಮನೆ ಕಟ್ಟಿದ ಕಂಪನಿ ಇನ್ನೊಂದು ತಗಡು ಹಚ್ಚಿದ್ದರೆ ಕೊನೆಯದೇ ಲೆಕ್ಕಕ್ಕೆ. ಆಮೇಲೆ ನೀರು, ಇಂಧನ, ಜನ, ಸಾಮಾನು ಎಲ್ಲ ತುಂಬಿ ವೇಬ್ರಿಡ್ಜ್ ಮೇಲೆ ಒಂದೊಂದೇ ಆಕ್ಸಲ್ ನಿಲ್ಲಿಸಿ ತೂಗುವುದು. ಹಿಂದಿನ ಆಕ್ಸಲ್ಲಿನಲ್ಲಿ ಉಳಿದದ್ದು ಟೋ ಬಾರಿನ ಮತ್ತು ಮೂತಿಭಾರದ ಸನ್ನೆಲೆಕ್ಕಕ್ಕೆ ಸಾಕಾದರೆ ಕೆಲಸ ಮುಂದುವರಿಯುತ್ತದೆ. ಸಾಲದಿದ್ದರೆ ಹಿಂದಿನ ಸಾಮಾನನ್ನು ಆಕ್ಸಲ್‌ಗಳ ನಡುವಿಗೆ ಸರಿಸುವುದು ಮೊದಲ ಉಪಾಯ. ಖರ್ಚಿಲ್ಲದ್ದು, ಎಷ್ಟೋ ಸಲ ಸಾಕಾಗುವಂಥದ್ದು. ಅದೂ ಸಾಲದಿದ್ದರೆ ಹೆಚ್ಚು ಭಾರ ಹೊರುವ ಟೈರು, ಗಾಳಿಯ ಸ್ಪ್ರಿಂಗು ಹಾಕಿಸಿ, ತಯಾರಕರ ಅಂಕಿಅಂಶದ ಆಧಾರದ ಮೇಲೆ ಮಿತಿಯನ್ನೇ ಏರಿಸಿಕೊಳ್ಳಬೇಕು. ಸ್ಪ್ರಿಂಗು ಹಾಕಿದ ಮಾತ್ರಕ್ಕೆ ಮಿತಿ ಏರುವುದಿಲ್ಲ. ಹೊಸ ತಗಡು, ನೋಂದಣಿ ಪತ್ರದಲ್ಲಿ ತಿದ್ದುಪಡಿ ಎರಡೂ ಆಗಬೇಕು. ಒಟ್ಟು ತೂಕ 3,500 ದಾಟಿತೆಂದರೆ ಚಾಲಕನ ಲೈಸೆನ್ಸಿನ ವರ್ಗವೂ ಕೆಲವು ದೇಶಗಳಲ್ಲಿ ವೇಗಮಿತಿ ಮತ್ತು ರಸ್ತೆ ಸುಂಕವೂ ಬದಲಾಗುತ್ತವೆ. ಕೊನೆಯಲ್ಲಿ ಟೋ ಬಾರಿನ ಡಿ, ಎಸ್ ಬೆಲೆಗಳು, ವಾಹನದ ತಗಡು, ಟ್ರೇಲರಿನ ತಗಡು, ಚಾಲಕನ ಲೈಸೆನ್ಸ್ ಇಷ್ಟನ್ನೂ ಎದುರಿಗಿಟ್ಟು, ಎಲ್ಲಕ್ಕಿಂತ ಕಡಿಮೆ ಇರುವ ಅಂಕಿಯನ್ನೇ ಮಿತಿಯೆಂದು ಹಿಡಿಯಬೇಕು.